ವೆಂಡೆಲ್ ಬಿಟ್ಟುಹೋದ ಶ್ರುತಿ

"ಇನ್ನೊಂದೇ ಒಂದು ಚೂರು" ಎಂದುಕೊಂಡು ಮಾರೆನ್ ಗಿಟಾರಿನ ಬಿರಡೆ ತಿರುಗಿಸಿದಳು. ಫೋನಿನಲ್ಲಿದ್ದ ಶ್ರುತಿ ತೋರಿಸುವ ಆಪ್‌ನಲ್ಲಿ ಹಸಿರು ದೀಪ ಹೊತ್ತಿತು. ಆರೂ ತಂತಿ ಸರಿಯಾದವು!

ಗರಾಜಿನಲ್ಲಿ ಹೀಟರ್ ಇರಲಿಲ್ಲ. ಅಮೆರಿಕದ ಡುಲೂತ್ ಊರಿನ ಜನವರಿ ಚಳಿಗೆ ಅವಳ ಬೆರಳುಗಳು ಮರಗಟ್ಟಿದ್ದವು. ಆದರೂ ಅವಳಿಗೆ ಖುಷಿ. ಇವತ್ತಾದರೂ ಅಪ್ಪ ಡ್ರಮ್ಸ್ ಬಾರಿಸುತ್ತಾನೆ.

ಅಪ್ಪನ ಬ್ಯಾಂಡಿನಲ್ಲಿ ಗಿಟಾರ್ ನುಡಿಸಿ ಹಾಡುತ್ತಿದ್ದ ವೆಂಡೆಲ್ ಅಂಕಲ್ ಅಕ್ಟೋಬರಿನಲ್ಲಿ ತೀರಿಕೊಂಡರು. ಅಂದಿನಿಂದ ಅಪ್ಪ ದಿನಾ ಊಟವಾದ ಮೇಲೆ ಗರಾಜಿಗೆ ಬಂದು ಕೂರುತ್ತಿದ್ದ. ಹಾಡು ಶುರುವಾಗುವ ಮುಂಚೆ ಹೊಡೆಯುವಂತೆ ಎರಡು ಕೋಲುಗಳನ್ನು ನಾಲ್ಕು ಸಲ ತಟ್ಟುತ್ತಿದ್ದ. ಟಕ್, ಟಕ್, ಟಕ್, ಟಕ್. ಆಮೇಲೆ ಸದ್ದೇ ಇಲ್ಲ. ಇವತ್ತು ಮಾರೆನ್ ಅಂಕಲ್‌ನ ಗಿಟಾರ್ ಮೀಟಿ ನೋಡಿದಾಗ ತಂತಿಗಳು ಸಡಿಲವಾಗಿ ಗೊರಗೊರ ಎಂದವು. ಅದಕ್ಕೇ ಅಪ್ಪ ಬಾರಿಸುತ್ತಿಲ್ಲ ಎಂದುಕೊಂಡಳು.

ಬಾಗಿಲು ತೆರೆಯಿತು. ಅಪ್ಪ ಲೀಫ್, ಹಿಂದೆಯೇ ಬೇಸ್ ಗಿಟಾರ್ ನುಡಿಸುವ ಇಂಗ್ರಿಡ್ ಆಂಟಿ. ಹೈಸ್ಕೂಲಿನಲ್ಲಿ ಓದುವಾಗ ಇವರಿಬ್ಬರೂ ವೆಂಡೆಲ್ ಜೊತೆ ಸೇರಿ 'ರಸ್ಟ್ ಹಾರ್ಬರ್' ಬ್ಯಾಂಡ್ ಕಟ್ಟಿದ್ದರು. ಆಮೇಲೆ ಎರಡು ಆಲ್ಬಂ ಮಾಡಿದರು, ಹಳೇ ವ್ಯಾನಿನಲ್ಲಿ ಊರೂರು ಸುತ್ತಿದರು. ಈ ಶನಿವಾರ ವೆಂಡೆಲ್ ನೆನಪಿಗೆ ಅದೇ ಹೈಸ್ಕೂಲಿನಲ್ಲಿ ಕೊನೆಯ ಶೋ.

"ಮೊದಲನೇ ಶೋನಲ್ಲಿ ಎರಡನೇ ಹಾಡಿಗೇ ಪ್ರಿನ್ಸಿಪಾಲ್ ಪ್ಲಗ್ ಕಿತ್ತಿದ್ರು. ಈ ಸಲಾನೂ ಕಿತ್ತರೆ?" ಎಂದರು ಆಂಟಿ.

"ಅವರು ರಿಟೈರ್ ಆದ್ರು ಕಣೇ. ಈಗ ಕಿವೀನೂ ಕೇಳ್ಸಲ್ಲ."

"ನಮ್ಮಿಂದ್ಲೇ ಇರ್ಬೇಕು!"

ಮಾರೆನ್ ಮುಂದೆ ಜಿಗಿದಳು. "ಅಪ್ಪಾ, ಸರ್‌ಪ್ರೈಸ್! ಅಂಕಲ್ ಗಿಟಾರ್ ಪೂರ್ತಿ ಔಟ್ ಆಫ್ ಟ್ಯೂನ್ ಆಗಿತ್ತು. ನಾನು ಸರಿಮಾಡ್ದೆ!"

ಆಂಟಿಯ ನಗು ನಿಂತಿತು. "ಎಲ್ಲಾ ತಂತೀನೂ?"

"ಆರೂ!"

ಆಂಟಿ ಗಿಟಾರಿನ ಕಡೆ ನೋಡಿ ಮೆಲ್ಲಗೆ ಹೇಳಿದರು: "ನಮ್ಮ ಹಾಡಿಗೆ ತಂತಿ ಸಡಿಲಾನೇ ಇರ್ಬೇಕು ಮಾರೆನ್. ವೆಂಡೆಲ್ ಹಾಡಿಗೊಂದು ಶ್ರುತಿ ಇಟ್ಕೊಂಡಿದ್ದ. ಯಾರಿಗೂ ಹೇಳ್ತಿರ್ಲಿಲ್ಲ, ಕಳ್ಳ. ಅವನು ಕಟ್ಟಿದ ಕೊನೇ ಹಾಡನ್ನ ನಮ್ಮ ಜೊತೆ ಒಂದೇ ಸಲ ನುಡಿಸಿ, ತಂತಿ ಹಾಗೇ ಬಿಟ್ಟುಹೋಗಿದ್ದ. ಈ ಗಿಟಾರ್ ನೋಡಿ ಆ ಶ್ರುತೀನ ಹುಡುಕೋಣ ಅಂತ ಬಂದ್ವಿ."

ಆಂಟಿ ಗಿಟಾರ್ ಎತ್ತಿಕೊಂಡು ತಂತಿಗಳನ್ನು ಇಳಿಸಿದರು. ಮೀಟಿದರು. "ಇದಲ್ಲ." ಮತ್ತೆ ಇಳಿಸಿದರು. "ಇದೂ ಅಲ್ಲ." ಸುಮಾರು ಹೊತ್ತಾದ ಮೇಲೆ ಗಿಟಾರನ್ನು ಸ್ಟ್ಯಾಂಡಿಗೆ ಒರಗಿಸಿ, ಕಣ್ಣೊರೆಸಿಕೊಂಡು, "ಶನಿವಾರಕ್ಕೆ ಹಳೇ ಹಾಡುಗಳೇ ಸಾಕು ಬಿಡು" ಎಂದು ಹೊರಟುಹೋದರು.

ಮಾರೆನ್ ಬಿಕ್ಕಿದಳು. "ನಾನೇ ಹಾಳುಮಾಡ್ದೆ ಅಪ್ಪಾ."

"ಅಳ್ಬೇಡ ಪುಟ್ಟಿ. ಈ ಚಳೀಲಿ ತಂತಿ ಒಂದು ವಾರಾನೂ ಇದ್ದಂಗೆ ಇರಲ್ಲ. ನೀನು ಮುಟ್ಟೋಕೆ ಮುಂಚೇನೇ ಆ ಶ್ರುತಿ ಹೋಗಿರುತ್ತೆ."

"ಮತ್ತೆ... ನೀನು ದಿನಾ ಬರ್ತಿದ್ದೆಯಲ್ಲ, ಗಿಟಾರ್ ಮೀಟಿ ನೋಡ್ಲಿಲ್ವಾ?"

ಅಪ್ಪ ಕೋಲಿನ ತುದಿಯನ್ನು ಹೆಬ್ಬೆರಳಿನಿಂದ ಉಜ್ಜಿದ.

"ನೋಡಿದ್ರೆ ಅದು ಹೋಗಿದೆ ಅಂತ ಗೊತ್ತಾಗಿಬಿಡ್ತಿತ್ತಲ್ಲ" ಎಂದ.

ಆಮೇಲೆ ಡ್ರಮ್ಸ್ ಹಿಂದೆ ಕುಳಿತ. ಟಕ್, ಟಕ್, ಟಕ್, ಟಕ್.

ಸದ್ದಿಲ್ಲ. ಅಪ್ಪನ ಕಣ್ಣು ವೆಂಡೆಲ್ ಅಂಕಲ್‌ನ ಮೈಕಿನ ಮೇಲಿತ್ತು. ತಲೆ ಮಾತ್ರ ತಾಳಕ್ಕೆ ಸರಿಯಾಗಿ ತುಸುವೇ ಅಲ್ಲಾಡುತ್ತಿತ್ತು. ಇಷ್ಟು ದಿನ ಮನೆಯೊಳಗೆ ಕೂತು ಗೋಡೆಯ ಆಚೆಯಿಂದ ಕೇಳುತ್ತಿದ್ದಾಗ ಇದು ಮಾರೆನ್‌ಗೆ ಕಂಡೇ ಇರಲಿಲ್ಲ.

ಅವಳು ಕೆನ್ನೆ ಒರೆಸಿಕೊಂಡು ಸ್ಪೀಕರ್ ಪೆಟ್ಟಿಗೆಯ ಮೇಲೆ ಅಲುಗಾಡದೆ ಕುಳಿತಳು. ಅಪ್ಪನ ತಲೆಯೊಳಗೆ ನಡೆಯುತ್ತಿದ್ದ ಹಾಡು ಎಷ್ಟು ಉದ್ದವೋ ಅವಳಿಗೆ ತಿಳಿಯದು. ಅಪ್ಪ ಕೋಲು ಕೆಳಗಿಡುವವರೆಗೂ ಕಾದಳು.