ಮಾರೆನ್ ಸಾಯದ ಅಧ್ಯಾಯ

ಕಾದಂಬರಿಯ ಹದಿನಾಲ್ಕನೇ ಅಧ್ಯಾಯದಲ್ಲಿ ಮಾರೆನ್ ಸತ್ತುಹೋಗಿದ್ದಳು.

ಭಾಗ್ಯಶ್ರೀ ಯಾರಿಗೂ ಹೇಳದೆ ತರಿಸಿಕೊಂಡ ಪುಸ್ತಕದ ಆ ಪುಟವನ್ನು ಎರಡು ಸಲ ಓದಿದಳು. ಎರಡನೇ ಸಲ ಸಾಲಿನ ಕೆಳಗೆ ಬೆರಳಿಟ್ಟು ಓದಿದಳು, ತಾನು ಕೆಲಸ ಮಾಡುವ ಸಿಂಧನೂರಿನ ಪ್ರೆಸ್ಸಿನಲ್ಲಿ ಮದುವೆ ಕಾರ್ಡಿನ ಪ್ರೂಫ್ ನೋಡುವಾಗ ವಧುವಿನ ಹೆಸರಿನ ಕೆಳಗೆ ಇಡುವ ಹಾಗೆ. ಅನುಮಾನಕ್ಕೆ ಜಾಗವೇ ಇರಲಿಲ್ಲ.

ಆದರೆ ಶಿವಕಾಂತನ ಬಾಯಲ್ಲಿ ಮಾರೆನ್ ಇನ್ನೂ ಬದುಕಿದ್ದಳು. ನಿನ್ನೆ ಸಂಜೆಯಷ್ಟೇ, ಹದಿನೇಳನೇ ಅಧ್ಯಾಯದಲ್ಲಿ, ಗಾಯಗೊಂಡ ಸೈನಿಕನೊಬ್ಬನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ನೀರು ಕುಡಿಸಿದ್ದಳು.

‘ಎಂಬರ್ ಪಿಕೆಟ್’ ಫೋನಿನಲ್ಲಿ ಆಡುವ ಯುದ್ಧದ ಗೇಮು. ಬೂದಿ ಸುರಿಯುವ ದೂರದ ಗ್ರಹ, ಅಲ್ಲೊಂದು ಕಾವಲು ಠಾಣೆ, ಅದನ್ನು ಬಿಟ್ಟುಕೊಡದ ಒಂದು ಸಣ್ಣ ತುಕಡಿ. ಅದೇ ಹೆಸರಿನ ದಪ್ಪ ಇಂಗ್ಲಿಷ್ ಕಾದಂಬರಿಯೂ ಬಂದಿತ್ತು. ಸಿಂಧನೂರು, ಮಸ್ಕಿ, ಲಿಂಗಸುಗೂರು ಕಡೆಯವರ ವಾಟ್ಸಾಪ್ ಗ್ರೂಪಿನಲ್ಲಿ ಗೇಮು ಎಲ್ಲರಿಗೂ ಬರುತ್ತಿತ್ತು. ಕಾದಂಬರಿ ಓದುವ ತಾಳ್ಮೆ ಮಾತ್ರ ಶಿವಕಾಂತನೊಬ್ಬನಿಗೇ ಇತ್ತು. ಆತ ಲಿಂಗಸುಗೂರಿನ ಹೈಸ್ಕೂಲೊಂದರಲ್ಲಿ ಇಂಗ್ಲಿಷ್ ಮೇಷ್ಟ್ರು, ಮನೆ ಮುದಗಲ್ಲಿನಲ್ಲಿ. ಶನಿವಾರ ಸಂಜೆ ಬಸ್ಸಿನಲ್ಲಿ ಸೀಟು ಹಿಡಿದ ಕೂಡಲೇ ಗ್ರೂಪಿಗೆ ವಾಯ್ಸ್ ನೋಟಿನಲ್ಲಿ, ಕನ್ನಡದಲ್ಲಿ, ಕಥೆ ಶುರುಮಾಡುತ್ತಿದ್ದ. ಮುದಗಲ್ ಕೋಟೆಯ ಗೋಡೆ ಕಂಡಾಗ ಅಧ್ಯಾಯ ಮುಗಿಯುತ್ತಿತ್ತು.

ಆ ವಾಯ್ಸ್ ನೋಟುಗಳನ್ನು ಭಾಗ್ಯಶ್ರೀ ಕಿವಿಗೆ ಇಯರ್‌ಫೋನ್ ಸಿಕ್ಕಿಸಿ, ಕಣ್ಣು ಮುಚ್ಚಿ ಕೇಳುತ್ತಿದ್ದಳು. ಹಿನ್ನೆಲೆಯಲ್ಲಿ ಕಂಡಕ್ಟರ್ ಮುಂದೆ ಸರಿಯಿರಿ ಎಂದು ಗದರುತ್ತಿದ್ದ, ಯಾರದೋ ಮಗು ಅಳುತ್ತಿತ್ತು, ನಡುವೆ ಶಿವಕಾಂತನ ಅವಸರವಿಲ್ಲದ ದನಿ. ಶತ್ರುಗಳ ಯುದ್ಧಯಂತ್ರ ಹೇಗಿತ್ತೆಂದರೆ, ನಮ್ಮ ಭತ್ತ ಕೊಯ್ಯೋ ಮಷೀನಿಗೆ ಕಾಲು ಬಂದಂಗಿತ್ತು ಅನ್ನುತ್ತಿದ್ದ. ತುಕಡಿಯ ಮುದುಕ ಕಮಾಂಡರ್ ಅಪ್ಪಟ ಮುದಗಲ್ ಹಿರಿಯನ ಹಾಗೆ ಬೈಯುತ್ತಿದ್ದ. ಇಂಗ್ಲಿಷಿನ ಸಾಲು ಹೀಗೆ ಮೈಮುರಿದು ಎದ್ದು ಕನ್ನಡದಲ್ಲಿ ನಡೆಯುವುದನ್ನು ಕೇಳಿ, ದಿನವಿಡೀ ಅಕ್ಷರಗಳ ನಡುವೆಯೇ ಇರುವ ಆಕೆ ಬೆರಗಾಗುತ್ತಿದ್ದಳು.

ಮಾರೆನ್ ಆ ತುಕಡಿಯ ವೈರ್‌ಲೆಸ್ ಆಪರೇಟರ್. ಗಂಟೆಗೊಮ್ಮೆ ಆಕಾಶದಲ್ಲಿರುವ ಹಡಗುಗಳಿಗೆ ಆಕೆ ಒಂದೇ ಮಾತು ಹೇಳಬೇಕು: ಪಿಕೆಟ್ ನಿಂತಾದ, ಅಂದರೆ ಠಾಣೆ ಇನ್ನೂ ಬಿದ್ದಿಲ್ಲ. ಎಷ್ಟೇ ಹೆದರಿದ್ದರೂ ಹೇಳಬೇಕು. ಆ ಮಾತಿನಿಂದ ಗ್ರೂಪಿನಲ್ಲೊಂದು ರೂಢಿಯೇ ಹುಟ್ಟಿತ್ತು. ಗೇಮಿಗೆ ಇಳಿಯುವ ಮುಂಚೆ ಪ್ರತಿಯೊಬ್ಬರೂ ಮೈಕಿನಲ್ಲಿ ‘ನಿಂತೀನಿ’ ಅನ್ನಬೇಕು. ಅಂದ ಮೇಲೆ ನಡುವೆ ಬಿಟ್ಟು ಹೋಗುವಂತಿಲ್ಲ.

ಭಾಗ್ಯಶ್ರೀ ಮಾತ್ರ ಅದನ್ನು ಟೈಪ್ ಮಾಡುತ್ತಿದ್ದಳು. ಗ್ರೂಪಿಗೆ ಸೇರಿಸಿದ ಗೆಳತಿ ನಾಹಿದಾ ಎಷ್ಟು ಛೇಡಿಸಿದರೂ ಆಕೆಯ ದನಿ ಯಾರಿಗೂ ಕೇಳಿಸಿರಲಿಲ್ಲ. ಫೋಟೋ ಕೂಡ ಇರಲಿಲ್ಲ. ಅದರ ಜಾಗದಲ್ಲಿ ಪ್ರೆಸ್ಸಿನ ಹಳೆಯ ಸೀಸದ ಅಚ್ಚಿನ ಒಂದು ‘ಭ’ ಅಕ್ಷರವಿತ್ತು. ಬರೆದ ಮಾತನ್ನಾದರೆ ತಿದ್ದಬಹುದು. ಆಡಿದ ಮಾತಿಗೆ ಪ್ರೂಫ್ ಎಲ್ಲಿ?

ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡು ಆಕೆ ಗ್ರೂಪಿನ ಹಳೆಯ ಮೆಸೇಜುಗಳನ್ನು ಹುಡುಕಿದಳು. ಸಿಕ್ಕಿತು. ಒಂಬತ್ತನೇ ಅಧ್ಯಾಯದಲ್ಲಿ ಮಾರೆನ್ ಸ್ವಲ್ಪದರಲ್ಲಿ ಉಳಿದುಕೊಂಡ ದಿನ ತಾನೇ ಬರೆದದ್ದು: ‘ಮಾರೆನ್ ಹೋದ್ರ ನಾ ಮುಂದ ಕೇಳಂಗಿಲ್ಲ. ಗ್ರೂಪ್ ಬಿಡ್ತೀನಿ.’

ಅದರ ಕೆಳಗೆ ಶಿವಕಾಂತನ ಉತ್ತರ: ‘ಆಯ್ತ್ರೀ.’

ಅಷ್ಟೇ. ಅಷ್ಟಕ್ಕೇ ಆತ ಒಂದು ಜೀವ ಉಳಿಸಿದ್ದ.

ಮೊದಲು ಆಕೆಗೆ ಸಿಟ್ಟು ಬಂತು, ತನ್ನನ್ನು ಕೂಸು ಅಂದುಕೊಂಡಿದ್ದಾನೆಯೇ ಎಂದು. ಆಮೇಲೆ ಪ್ರೂಫ್ ನೋಡುವವಳ ಚಟ ಬಿಡಲಿಲ್ಲ. ಆತ ಎಲ್ಲಿ ಸಿಕ್ಕಿಬೀಳುತ್ತಾನೆ ನೋಡೋಣವೆಂದು ಕೊನೆಯ ನೋಟುಗಳನ್ನು ಪುಸ್ತಕದ ಪಕ್ಕ ಇಟ್ಟುಕೊಂಡು ಮತ್ತೆ ಕೇಳಿದಳು. ನೀರು ಕುಡಿಸಿದ್ದು ಪುಸ್ತಕದಲ್ಲಿ ಅಡುಗೆಯವನು. ನಕ್ಷೆ ಸುಟ್ಟದ್ದು ಕಮಾಂಡರ್. ಯಾರದೋ ಕೈಯಿಂದ ಒಂದು ಕೆಲಸ, ಯಾರದೋ ಬಾಯಿಂದ ಅರ್ಧ ಮಾತು ತಂದು ಆತ ಮಾರೆನ್‌ಗೆ ಉಸಿರು ಕೊಟ್ಟಿದ್ದ. ಹೊಲಿಗೆ ಎಲ್ಲೂ ಕಾಣುತ್ತಿರಲಿಲ್ಲ. ಕೇಳುತ್ತ ಕೇಳುತ್ತ ಸಿಟ್ಟು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ.

ಒಂದೇ ಒಂದು ಕಡೆ ಆಕೆಯ ಬೆರಳು ನಿಂತಿತು. ಹದಿನಾಲ್ಕನೇ ಅಧ್ಯಾಯದ ನಂತರ ಮಾರೆನ್ ಒಮ್ಮೆಯೂ ‘ಪಿಕೆಟ್ ನಿಂತಾದ’ ಅಂದಿರಲಿಲ್ಲ. ಆ ಮಾತನ್ನು ಬೇರೆಯವರು ಹೇಳುತ್ತಿದ್ದರು.

ಕೊನೆಯ ಅಧ್ಯಾಯವನ್ನು ಎದುರುಬದುರು ಕೂತು ಕೇಳೋಣವೆಂದು ಗ್ರೂಪಿನಲ್ಲಿ ಮಾತಾಯಿತು. ಎರಡೂ ಕಡೆಯವರಿಗೆ ನಡುವಿನ ಊರು ಮಸ್ಕಿ. ಭಾನುವಾರ ಅಲ್ಲಿಗೇ ಅಂತ ಗೊತ್ತಾಯಿತು. ಭಾಗ್ಯಶ್ರೀ ಬರುವುದಿಲ್ಲವೆಂದು ಟೈಪ್ ಮಾಡಿದಳು, ಅಳಿಸಿದಳು. ಬರುತ್ತೇನೆಂದು ಟೈಪ್ ಮಾಡಿದಳು, ಅದನ್ನೂ ಅಳಿಸಿದಳು. ಕೊನೆಗೆ ನಾಹಿದಾಳೇ ಆಕೆಯ ಹೆಸರು ಸೇರಿಸಿದಳು. ಅವ್ವ ವೀರಭದ್ರಮ್ಮನಿಗೆ ಮಸ್ಕಿ ಗುಡ್ಡದ ಮಲ್ಲಿಕಾರ್ಜುನನ ದರ್ಶನಕ್ಕೆ ಹೋಗುತ್ತೇವೆಂದು ಹೇಳಿ ಹೊರಟದ್ದಾಯಿತು. ಸುಳ್ಳಾಗಬಾರದೆಂದು ಭಾಗ್ಯಶ್ರೀ ಮೊದಲು ಗುಡ್ಡ ಹತ್ತಿ ಕೈಮುಗಿದೇ ಕೆಳಗಿಳಿದಳು.

ಬಂದವರು ನಾಲ್ಕೈದೇ ಮಂದಿ. ನಾಹಿದಾ, ಸಿಂಧನೂರಿನಲ್ಲಿ ಬೈಕ್ ಗ್ಯಾರೇಜ್ ಇಟ್ಟಿರುವ ಆಕೆಯ ಅಣ್ಣ ಅಸದ್, ಪಾಮನಕಲ್ಲೂರಿನ ಚನ್ನು. ಬಸ್ ಸ್ಟ್ಯಾಂಡ್ ಪಕ್ಕದ ಹೋಟೆಲಿನಲ್ಲಿ ಒಗ್ಗರಣಿ ಮಂಡಾಳು, ಮಿರ್ಚಿ ಮುಗಿಯುವ ಹೊತ್ತಿಗೆ ಲಿಂಗಸುಗೂರು ಬಸ್ಸಿನಿಂದ ತೆಳ್ಳಗೆ ಎತ್ತರದ ಒಬ್ಬಾತ ಇಳಿದ. ತೋಳು ಮಡಚಿದ ಬಿಳಿ ಅಂಗಿ, ಕಂಕುಳಲ್ಲಿ ಅಂಚು ಸವೆದ ದಪ್ಪ ಪುಸ್ತಕ. ಎಲ್ಲರಿಗೂ ನಮಸ್ಕಾರ ಹೇಳಿ, ಆಕೆಯ ಮುಂದೆ ಬಂದಾಗ ಒಂದು ಕ್ಷಣ ತಡೆದ.

“ಆ ‘ಭ’ ನೀವೇನ್ರಿ?”

ಆಕೆ ತಲೆಯಾಡಿಸಿದಳು. ಆತನ ಕಣ್ಣುಗಳು ನಕ್ಕವು, ಬಾಯಿ ನಗಲಿಲ್ಲ. ಕಿವಿಯಲ್ಲಿ ಅಷ್ಟು ದಿನ ಇದ್ದ ದನಿಗೆ ಈಗ ಮುಖ ಬಂದಿತ್ತು, ಕತ್ತಿನ ಹತ್ತಿರ ಒಂದು ಮಚ್ಚೆಯೂ. ಭಾಗ್ಯಶ್ರೀ ತಟ್ಟೆಯಲ್ಲಿ ಉಳಿದಿದ್ದ ಮಿರ್ಚಿಯ ತೊಟ್ಟನ್ನು ಬಹಳ ಗಮನವಿಟ್ಟು ನೋಡಿದಳು.

ಅಶೋಕನ ಶಾಸನದ ಬಂಡೆಯ ಬಳಿ ನೆರಳು ಹುಡುಕಿ ಕೂತರು. ಶಿವಕಾಂತ ಪುಸ್ತಕ ಬಿಚ್ಚಿದ. ಆಗ ಅಸದ್ ತಡೆದ. ಬಂದಾಗಿನಿಂದ ಆತ ಒಂದು ಮಿರ್ಚಿಯನ್ನೂ ಮುಟ್ಟಿರಲಿಲ್ಲ. ಫೋನ್ ತೆಗೆದು ಎಲ್ಲರ ನಡುವೆ ಇಟ್ಟ. ಗೇಮಿಗೆ ಮುಂಜಾನೆ ಹೊಸ ಅಪ್‌ಡೇಟ್ ಬಂದಿತ್ತು. ಅದರಲ್ಲಿ ಬೂದಿಯ ಬಯಲು, ಬಯಲಿನಲ್ಲೊಂದು ಸ್ಮಾರಕದ ಕಲ್ಲು.

“ಸರ್, ಈ ಬಂಡಿ ಮ್ಯಾಲ ರಾಜಾನ ಹೆಸರು ಅದ. ಆ ಕಲ್ಲಿನ ಮ್ಯಾಲ ಯಾರ ಹೆಸರು ಅದ ಓದ್ರಿ,” ಅಂದ. “ಸತ್ತವರ ಹೆಸರಷ್ಟ ಅದಾವ ಅಲ್ಲಿ.”

ಶಿವಕಾಂತ ಓದಲಿಲ್ಲ. ಓದುವ ಅಗತ್ಯ ಆತನಿಗಿರಲಿಲ್ಲ.

ಅಸದನ ದನಿಯಲ್ಲಿ ಸಿಟ್ಟಿಗಿಂತ ನೋವೇ ಹೆಚ್ಚಿತ್ತು. ಗ್ಯಾರೇಜಿಗೆ ಬಂದವರಿಗೆಲ್ಲ ತಾನು ಈ ಕಥೆ ಹೇಳಿದ್ದೇನೆ, ಮಾರೆನ್ ಉಳಿದಾಳ ಅಂತ ಆಣೆ ಇಟ್ಟು ವಾದ ಮಾಡಿದ್ದೇನೆ, ಇವತ್ತು ಮುಂಜಾನೆಯಿಂದ ಎಲ್ಲರೂ ನಗುತ್ತಿದ್ದಾರೆ ಅಂದ. ನಮಗೆ ಇಂಗ್ಲಿಷ್ ಬರುವುದಿಲ್ಲವೆಂದು ಏನು ಹೇಳಿದರೂ ನಡೆಯುತ್ತದೆ ಅಂದುಕೊಂಡಿರೇನು ಎಂದು ಕೇಳಿದ. ಚನ್ನು ಕೂಡ ತಲೆ ತಗ್ಗಿಸಿ ಕೂತ.

“ಹಂಗಲ್ಲ ಅಸದ್,” ಅಂದ ಶಿವಕಾಂತ. ಒಮ್ಮೆಯೂ ಭಾಗ್ಯಶ್ರೀಯ ಕಡೆ ನೋಡಲಿಲ್ಲ. ನೋಡಬಾರದೆಂದೇ ನೋಡಲಿಲ್ಲ, ಅದು ಆಕೆಗೆ ಗೊತ್ತಾಯಿತು. “ತಪ್ಪಾತು. ಬ್ಯಾರೆ ಏನೂ ಹೇಳಾಕ ಬರಂಗಿಲ್ಲ.”

ಆತ ಪುಸ್ತಕ ಮುಚ್ಚಿ ಎದ್ದ.

ಸುಮ್ಮನಿದ್ದರೆ ಸಾಕಿತ್ತು. ಆತ ಬಸ್ ಹತ್ತಿ ಹೋಗುತ್ತಿದ್ದ, ಯಾರಿಗೂ ಏನೂ ತಿಳಿಯುತ್ತಿರಲಿಲ್ಲ, ಆಕೆಯ ಹೆಸರು ಯಾರ ಬಾಯಿಗೂ ಬರುತ್ತಿರಲಿಲ್ಲ. ಬರುವ ಶನಿವಾರ ಬಸ್ಸಿನ ಸದ್ದು ಇರುತ್ತಿರಲಿಲ್ಲ, ಆ ದನಿಯೂ ಇರುತ್ತಿರಲಿಲ್ಲ. ಹೇಳಿದರೆ, ಒಬ್ಬ ಗಂಡಸು ತನಗೋಸ್ಕರ ಏನು ಮಾಡಿದ ಅನ್ನುವುದನ್ನು ನಾಲ್ಕು ಮಂದಿಯ ಮುಂದೆ ತನ್ನ ಬಾಯಿಂದಲೇ ಹೇಳಬೇಕು. ಭಾಗ್ಯಶ್ರೀ ಮನಸ್ಸಿನಲ್ಲೇ ಒಂದು ವಾಕ್ಯ ಬರೆದು ಅಳಿಸಿದಳು, ಮತ್ತೊಂದು ಬರೆದಳು. ಅಷ್ಟರಲ್ಲಿ ಆತ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದ.

“ನನ್ನ ಸಲುವಾಗಿ,” ಅಂದಳು.

ದನಿ ತನ್ನದೇ ಹೌದೋ ಅಲ್ಲವೋ ಎಂದು ಆಕೆಗೇ ಅನುಮಾನವಾಯಿತು. ಎಲ್ಲರೂ ತಿರುಗಿದರು.

“ಮಾರೆನ್ ಹೋದ್ರ ಗ್ರೂಪ್ ಬಿಡ್ತೀನಂತ ನಾ ಬರದಿದ್ದೆ. ಅದಕ್ಕ ಅವ್ರು ಆಕೀನ ಉಳಿಸ್ಯಾರ. ನಿಮಗ ಮೋಸ ಮಾಡಾಕಲ್ಲ, ಅಸದಣ್ಣ.”

ನಾಹಿದಾ ಗೆಳತಿಯ ಮುಖವನ್ನು ನೋಡಿದಳು, ಶಿವಕಾಂತನ ಮುಖವನ್ನು ನೋಡಿದಳು, ಆಮೇಲೆ ದುಪಟ್ಟಾ ಬಾಯಿಗೆ ಅಡ್ಡ ಹಿಡಿದಳು. “ಯಾ ಅಲ್ಲಾ,” ಅಂದಳು ಮೆಲ್ಲಗೆ. “ನನ್ನ ಸಲುವಾಗಿ ಒಬ್ಬನೂ ಒಂದ್ ಕೋಳೀನೂ ಉಳಿಸಿಲ್ಲ.”

ಚನ್ನು ಮೊದಲು ನಕ್ಕ. ಅಸದ್ ನಗಲಿಲ್ಲ, ಆದರೆ ಹುಬ್ಬು ಸಡಿಲವಾಯಿತು. ಸ್ವಲ್ಪ ಹೊತ್ತು ಫೋನಿನೊಳಗಿನ ಆ ಕಲ್ಲನ್ನೇ ನೋಡುತ್ತಿದ್ದು, ಹಂಗಾದರೆ ಆಕೆ ನಿಜವಾಗಿ ಹೇಗೆ ಸತ್ತಳು, ಅದನ್ನಾದರೂ ಹೇಳಿರಿ ಅಂದ. ಶಿವಕಾಂತ ಪುಸ್ತಕ ಕೈಯಲ್ಲಿ ಹಿಡಿದು ನಿಂತೇ ಇದ್ದ. ಅಷ್ಟು ವಾರ ಕೈಹಿಡಿದು ನಡೆಸಿದವಳನ್ನು ಈಗ ಕೆಳಗೆ ಬಿಡಲು ಆತನಿಗೆ ಆಗುತ್ತಿಲ್ಲವೆಂದು ಭಾಗ್ಯಶ್ರೀಗೆ ಅರ್ಥವಾಯಿತು. ಕೈ ಚಾಚಿದಳು. ಆತ ಪುಸ್ತಕ ಕೊಟ್ಟ.

ಪುಟ ಬಿಚ್ಚುವ ಅಗತ್ಯ ಬೀಳಲಿಲ್ಲ. ಬೂದಿಯ ಬಿರುಗಾಳಿಯಲ್ಲಿ ವೈರ್‌ಲೆಸ್ ಕಂಬದ ತಂತಿ ಹರಿದದ್ದನ್ನು ಹೇಳಿದಳು. ಹಡಗುಗಳು ಮೇಲೆ ಹಾದುಹೋಗುವ ಹೊತ್ತು ಅದು. ಮಾತು ಕೇಳಿಸದಿದ್ದರೆ ಠಾಣೆ ಬಿದ್ದಿದೆಯೆಂದು ತಿಳಿದು ಎಲ್ಲರನ್ನೂ ಬಿಟ್ಟುಹೋಗುತ್ತವೆ. ಮಾರೆನ್ ಕಂಬ ಹತ್ತಿದಳು. ಹರಿದ ಎರಡು ತುದಿಗಳನ್ನು ಎರಡು ಕೈಯಲ್ಲಿ ಹಿಡಿದು ಕೂಡಿಸಿದಳು. ಶತ್ರುಗಳ ಗುಂಡು ಬರುತ್ತಲೇ ಇತ್ತು. ಆಕೆ ಕೈ ಬಿಡಲಿಲ್ಲ. ಕೊರಳಿಗಿದ್ದ ಮೈಕಿನಲ್ಲಿ ಆ ಒಂದು ಮಾತು ಹೇಳಿದಳು. ಹಡಗುಗಳಿಗೆ ಕೇಳಿಸಿತು. ಆಮೇಲೂ ಬಹಳ ಹೊತ್ತು ತಂತಿ ಕೂಡಿಯೇ ಇತ್ತು, ಬರೀ ಗಾಳಿಯ ಸದ್ದು ಬರುತ್ತಿತ್ತು.

ಭಾಗ್ಯಶ್ರೀಯ ದನಿ ಎರಡು ಕಡೆ ನಡುಗಿತು, ಒಂದು ಕಡೆ ಪೂರಾ ನಿಂತಿತು. ಯಾರೂ ಅವಸರ ಮಾಡಲಿಲ್ಲ.

ಅಸದ್ ಕಣ್ಣಿಗೆ ಧೂಳು ಬಿತ್ತೆಂದು ಆ ಕಡೆ ತಿರುಗಿದ. ಕೊನೆಗೆ, ಇಷ್ಟು ಚಂದ ಸತ್ತವಳನ್ನು ಬಚ್ಚಿಟ್ಟಿದ್ದಕ್ಕೆ ಸರ್‌ಗೆ ದಂಡ ಹಾಕಬೇಕು ಅಂದ; ದಂಡವೆಂದರೆ ಕೊನೆಯ ಅಧ್ಯಾಯ ಮುಗಿಸಿ, ಮಾರೆನ್ ಹೆಸರಿನಲ್ಲಿ ಒಂದು ಮ್ಯಾಚು. ಶಿವಕಾಂತ ಮತ್ತೆ ಕೂತ. ಈ ಸಲ ಕಥೆ ಹೇಳುವಾಗ ಆತ ಭಾಗ್ಯಶ್ರೀಯ ಕಡೆ ನೋಡಿದ. ಒಂದು ಸಾಲಿಗೊಮ್ಮೆ ನೋಡಿದ. ಪ್ರತಿ ಸಲವೂ ಆಕೆ ತಡವಾಗಿ ಕಣ್ಣು ತಗ್ಗಿಸಿದಳು.

ಸಂಜೆ ಬಸ್ ಸ್ಟ್ಯಾಂಡಿನಲ್ಲಿ ನಾಹಿದಾ ಅಣ್ಣನನ್ನು ಕಬ್ಬಿನ ಹಾಲಿನ ಅಂಗಡಿಗೆ ಎಳೆದುಕೊಂಡು ಹೋದಳು. ಆಕೆಗೆ ನೀರಡಿಕೆ ಆಗಿರಲಿಲ್ಲ.

“ನಿಮಗ ಮೊದ್ಲ ಗೊತ್ತಿತ್ತೇನ್ರಿ?” ಶಿವಕಾಂತ ಕೇಳಿದ.

ಪುಸ್ತಕ ತರಿಸಿ ಓದಿದ್ದನ್ನು ಆಕೆ ಹೇಳಿದಳು. ತಪ್ಪು ಹುಡುಕಿದೆ, ಸಿಗಲಿಲ್ಲ ಅಂದಳು. “ಒಂದ ಸಿಕ್ತು. ಆಕಿ ಕಡಿಂದ ಆ ಮಾತು ಮತ್ತ ಹೇಳಸಲಿಲ್ಲ ನೀವು.”

ಆತ ಅಚ್ಚರಿಯಿಂದ ನೋಡಿದ. “ಅದು ಆಕೀದ ಮಾತು. ಅದನ್ನ ನಾ ಹೆಂಗ ಸುಳ್ಳ ಹೇಳಸ್ಲಿ?”

ಇದನ್ನು ಕೇಳಿ ಭಾಗ್ಯಶ್ರೀಗೆ ಆತನ ಬಗ್ಗೆ ಇನ್ನೇನೂ ತಿಳಿಯಬೇಕಾಗಿಲ್ಲ ಅನ್ನಿಸಿತು.

“ನಾ ಗ್ರೂಪ್ ಬಿಟ್ಟಿದ್ರ ಏನಾಗ್ತಿತ್ರಿ? ಬಾಕಿ ಮಂದಿ ಇದ್ರಲ್ಲ.”

“ಕೇಳೋರು ಬಹಳ ಮಂದಿ ಇದ್ರು,” ಅಂದ ಆತ, ತನ್ನ ಚಪ್ಪಲಿಯ ತುದಿ ನೋಡುತ್ತ. “ನಾ ಹೇಳಾಕತ್ತಿದ್ದು ಒಬ್ಬರಿಗೆ. ಕಥಿ ಕಳಿಸಿದ ಮ್ಯಾಲ ನಿಮ್ಮ ಹೆಸರಿನ ಕೆಳಗ ‘ಟೈಪಿಂಗ್’ ಅಂತ ಬರ್ತಿತ್ತು. ಬರ್ತಿತ್ತು, ಹೋಗ್ತಿತ್ತು. ಮನಿ ಮುಟ್ಟಿದ್ರೂ ಅದನ್ನ ನೋಡ್ತಾ ನಿಂದ್ರತಿದ್ದೆ.”

ಸಿಂಧನೂರಿನ ಬಸ್ಸು ಬಂತು. ನಾಹಿದಾ ದೂರದಿಂದಲೇ ಕೂಗಿದಳು.

“ಪುಸ್ತಕ ಮುಗೀತು,” ಅಂದ ಆತ ಅವಸರದಲ್ಲಿ. ಕಥೆ ಹೇಳುವಾಗ ಒಮ್ಮೆಯೂ ಅವಸರ ಮಾಡದವನು. “ಬರೋ ರವಿವಾರ ಮತ್ತ ಇಲ್ಲಿಗೆ ಬರ್ತೀನಿ. ಕಥಿ ಇಲ್ದ, ಗ್ರೂಪ್ ಇಲ್ದ. ನೀವು ಬಂದ್ರ ನಿಮ್ಮ ಮನ್ಯಾಗ ಮಾತಾಡಾಕ ನಮ್ಮ ಅಪ್ಪನ್ನ ಕಳಿಸಲೇನಂತ ಕೇಳ್ತೀನಿ. ಈಗ ಏನೂ ಹೇಳಬ್ಯಾಡ್ರಿ. ಬರದು ಕಳಸ್ರಿ. ಅಳಿಸಿ ಅಳಿಸಿ ಬರದ್ರೂ ನಡೀತದ.”

ಬಸ್ಸಿನಲ್ಲಿ ಕಿಟಕಿಯ ಪಕ್ಕದ ಸೀಟು ಸಿಕ್ಕಿತು. ಭಾಗ್ಯಶ್ರೀ ಫೋನ್ ತೆಗೆದಳು. ಒಂದು ಸಾಲು ಬರೆದಳು. ಬಹಳ ಉದ್ದವಾಯಿತೆಂದು ಅಳಿಸಿದಳು. ಇನ್ನೊಂದು ಬರೆದಳು; ಬಹಳ ಚಿಕ್ಕದಾಯಿತು. ಕಿಟಕಿಯಾಚೆ ಆತ ತನ್ನ ಬಸ್ಸಿನ ಬಾಗಿಲಲ್ಲಿ ಒಂದು ಕಾಲಿಟ್ಟು, ಫೋನಿನ ಪರದೆಯನ್ನೇ ನೋಡುತ್ತ ನಿಂತಿದ್ದ. ಹಿಂದಿನವರು ದಾರಿ ಬಿಡೆಂದು ಬೈಯುತ್ತಿದ್ದರು.

ಆಕೆ ಬರೆದದ್ದನ್ನೆಲ್ಲ ಅಳಿಸಿದಳು. ಮೈಕಿನ ಗುರುತನ್ನು ಒತ್ತಿ ಹಿಡಿದು, ಫೋನನ್ನು ತುಟಿಯ ಹತ್ತಿರ ತಂದಳು.

ಆ ವಾಯ್ಸ್ ನೋಟಿನಲ್ಲಿ ಮೊದಲು ಕಂಡಕ್ಟರ್ ಸಿಂಧನೂರು, ಸಿಂಧನೂರು ಎಂದು ಕೂಗುವುದು ಕೇಳಿಸುತ್ತದೆ. ಆಮೇಲೆ ಬಾಗಿಲು ಬಡಿದುಕೊಳ್ಳುವ ಸದ್ದು, ಯಾರದೋ ಕೆಮ್ಮು. ಆಮೇಲೆ, ಅಳಿಸಲು ಬಾರದ ಹಾಗೆ, ಆಕೆಯ ದನಿ:

“ನಿಂತೀನಿ.”