ಗೌರವ್ವನಿಗೆ ಹೇಳಿದವರು ಯಾರು?

"ಏನಂದ್ಲು? ಮತ್ತೊಮ್ಮೆ ಹಚ್ಚತೀನಿ, ತಡಿ!"

ರೂಪಾಲಿ ತನ್ನಷ್ಟಕ್ಕೆ ತಾನೇ ಅಂದುಕೊಂಡು ಅವ್ವನ ಮೊಬೈಲಿನಲ್ಲಿ ವಿಡಿಯೋವನ್ನು ಹಿಂದಕ್ಕೆ ಎಳೆದಳು.

ಸ್ಕ್ರೀನಿನ ಮೇಲೆ ಗಡಬಡ ಗೌರವ್ವ ಕುಣಿಯುತ್ತಿದ್ದಳು. ಗೌರವ್ವ ಅಂದರೆ ಕಾಲುಚೀಲದಿಂದ ಮಾಡಿದ ಗೊಂಬೆ. ಅಂಗಿ ಗುಂಡಿಗಳ ಕಣ್ಣು, ಕೆಂಪು ಬಟ್ಟೆಯ ಬಾಯಿ. ಹಿಂದೆ ಯಾರೋ ಹಾರ್ಮೋನಿಯಂ ನುಡಿಸುತ್ತಿದ್ದರು, ಇನ್ನಾರೋ ತಾಟು ಬಡಿಯುತ್ತಿದ್ದರು. ಗೌರವ್ವ ಬಾಯಿ ಅಗಲಿಸಿ ಹಾಡಿದಳು:

"ಹಲ್ಲ ಹ್ವಾದವೋ, ಹಲ್ಲ ಹ್ವಾದವೋ, ಬೆಕ್ಕ ಒಯ್ದದೋ!
ಶೇಂಗಾ ಡಬ್ಬಿ ತಗದ ನೋಡಿದ್ರ ಹಲ್ಲ ನಗತಾವೋ!"

ಪ್ರತಿ ಶುಕ್ರವಾರ ಸಂಜೆ ಗೌರವ್ವನ ಹಾಡು ಬಂದರೆ ರೂಪಾಲಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಇವತ್ತು ನಗು ಬರಲಿಲ್ಲ. ಇದು ಅವರ ಮನೆಯದೇ ಕತೆ!

ಹೋದ ರವಿವಾರ ರೂಪಾಲಿ ಆಯಿ ಎಂದು ಕರೆಯುವ ಅವಳ ಅಜ್ಜಿ ಸಂಗವ್ವನ ಹಲ್ಲಿನ ಸೆಟ್ ಕಳೆದಿತ್ತು. "ಬೆಕ್ಕೇ ಕದ್ದದ!" ಎಂದು ಅಜ್ಜಿ ಕಸಬರಿಗೆ ಹಿಡಿದು ಓಣಿಯ ತುದಿಯವರೆಗೂ ಬೆಕ್ಕನ್ನು ಅಟ್ಟಿಸಿಕೊಂಡು ಹೋಗಿದ್ದಳು. ಮಧ್ಯಾಹ್ನ ಅಪ್ಪ ಶೇಂಗಾದ ಡಬ್ಬಿಗೆ ಕೈ ಹಾಕಿದಾಗ ಹಲ್ಲು ಅಲ್ಲಿ ಸಿಕ್ಕಿತು. ಇಟ್ಟವಳು ಅಜ್ಜಿಯೇ, ಮರೆತವಳೂ ಅಜ್ಜಿಯೇ.

ಈ ಸುದ್ದಿ ಹೊರಗೆ ಹೋದದ್ದು ಹೇಗೆ? ರೂಪಾಲಿ ಬೆರಳು ಮಡಚುತ್ತಾ ಲೆಕ್ಕ ಹಾಕಿದಳು. ಅಪ್ಪನಿಗೆ ಹೊಲದ ಕೆಲಸದ ನಡುವೆ ಗೌರವ್ವ ಯಾರೆಂಬುದೇ ಗೊತ್ತಿಲ್ಲ. ಅವ್ವ ಇಂಥದ್ದನ್ನು ಹೇಳುವವಳಲ್ಲ. ಅಜ್ಜಿಗಂತೂ ಮೊಬೈಲಿನಲ್ಲಿ ನಂಬರು ಒತ್ತಲೂ ಬಾರದು. ಓಣಿಯವರು ನೋಡಿದ್ದು ಬೆಕ್ಕನ್ನಷ್ಟೇ. ಹೊರಗಿನವರಲ್ಲಿ ಡಬ್ಬಿಯ ಸುದ್ದಿ ಗೊತ್ತಿದ್ದದ್ದು ಒಬ್ಬಳಿಗೇ. ಸಾಲೆಯಲ್ಲಿ ಪಕ್ಕದಲ್ಲೇ ಕೂರುವ ಗೆಳತಿ ಪೂನಮ. ಅವಳಿಗೆ ರೂಪಾಲಿಯೇ ಹೇಳಿದ್ದಳು. "ಯಾರಿಗೂ ಹೇಳಬ್ಯಾಡ" ಎಂದು ಆಣೆಯನ್ನೂ ಹಾಕಿಸಿದ್ದಳು.

ರೂಪಾಲಿ ವಿಡಿಯೋದ ಕೆಳಗಿನ ಕಮೆಂಟುಗಳನ್ನು ತೆರೆದಳು. ಅಲ್ಲಿ ಗೌರವ್ವನ ಅಭಿಮಾನಿಗಳ ಸಂತೆಯೇ ನೆರೆದಿತ್ತು. ಗೊಂಬೆ ಆಡಿಸುವವರು ಯಾರೆಂದು ಯಾರಿಗೂ ಗೊತ್ತಿಲ್ಲ, ಆದ್ದರಿಂದ ಎಲ್ಲರಿಗೂ ಎಲ್ಲಾ ಗೊತ್ತು.

"ಇದು ಗಂಡಸಿನ ದನಿನೇ. ಬೇಕಾರ ಬಾಜಿ ಕಟ್ಟತೀನಿ," ಎಂದು ಉಮದಿ ಪೈಲ್ವಾನ ಎಂಬ ಹೆಸರಿನವರು ಬರೆದಿದ್ದರು.

"ಹೆಣ್ಮಗಳ ದನಿ ಅದ. ಬಳಿ ಸಪ್ಪಳ ಕೇಳಸಂಗಿಲ್ಲೇನ ನಿಮಗ?" ಎಂದು ಖಾರಾ ಚುರಮುರಿ ಎಂಬುವವರು ಉತ್ತರ ಕೊಟ್ಟಿದ್ದರು. "ಮತ್ತ ಹಿಂದ ಎಸ್ಟಿ ಬಸ್ಸಿನ ಹಾರ್ನ್ ಕೇಳತದ. ಜತ್ತ ಸ್ಟ್ಯಾಂಡಿನ ಬಾಜೂಕೇ ಇರಬೇಕು."

ರೂಪಾಲಿ ಆ ಸಾಲನ್ನು ಮತ್ತೊಮ್ಮೆ ಓದಿದಳು. ಪೂನಮಳ ಮಾವಶಿಯ, ಅಂದರೆ ಚಿಕ್ಕವ್ವನ ಮನೆ ಇರುವುದು ಜತ್ತ ಸ್ಟ್ಯಾಂಡಿನ ಹಿಂದೆಯೇ! ಮೊನ್ನೆ ಪೂನಮ ಆ ಮಾವಶಿಯ ಜೊತೆ ಫೋನಿನಲ್ಲಿ ಮಾತಾಡುತ್ತಾ ಕಿಸಕಿಸ ನಗುತ್ತಿದ್ದಳು. ರೂಪಾಲಿ ಹತ್ತಿರ ಹೋದಾಗ ಸುಮ್ಮನಾಗಿದ್ದಳು. ಕಾಮಾಲೆ ಕಣ್ಣಿಗೆ ಕಾಣುವುದೆಲ್ಲ ಹಳದಿ. ರೂಪಾಲಿಗೆ ಈಗ ಪೂನಮಳ ನಗು, ಮಾತು, ಮೌನ ಎಲ್ಲವೂ ಸಾಕ್ಷಿಯಾಗಿಯೇ ಕಂಡವು.

ಸಿಟ್ಟಿನಿಂದ ಅವಳೂ ಬರೆದಳು: "ಇದು ನಮ್ಮ ಮನಿ ಕತಿ. ಸೋನ್ಯಾಳ ಊರಿನ ಸಾಲಿ ಐದನೇತ್ತಾದ ಪೂನಮ ಚುಗಲಿ ಹೇಳ್ಯಾಳ. ಆಕಿ ಮೋಸಗಾರ್ತಿ."

ಸ್ವಲ್ಪ ಹೊತ್ತಿಗೇ ಇಪ್ಪತ್ತಾರು ಜನ ಲೈಕ್ ಮಾಡಿದರು. "ಚುಗಲಿ ಪೂನಮ!" ಎಂದು ಒಬ್ಬರು ಹಲ್ಲು ಕಿಸಿಯುವ ಚಿತ್ರ ಹಾಕಿದರು. ರೂಪಾಲಿಗೆ ಒಳಗೊಳಗೇ ಖುಷಿಯಾಯಿತು, ನಿಜ ಹೇಳಬೇಕೆಂದರೆ.

ಅಜ್ಜಿ ಒಳಗಿನಿಂದ ಕೇಳಿದಳು, "ಯಾರದ ಹಾಡು ಹಚ್ಚೀಯವಾ?"

"ಏನಿಲ್ಲಬೇ ಆಯಿ!" ಎಂದು ರೂಪಾಲಿ ತಟ್ಟನೆ ಮೊಬೈಲ್ ಬಂದ್ ಮಾಡಿದಳು. ಊರೆಲ್ಲ ತನ್ನನ್ನು ನೋಡಿ ನಗುತ್ತಿದೆ ಎಂದು ತಿಳಿದರೆ ಆಯಿಗೆ ಎಷ್ಟು ಬೇಸರವಾಗಬಹುದು!

ಮರುದಿನ ಶನಿವಾರ, ಮುಂಜಾನೆಯ ಸಾಲೆ. ಕ್ಲಾಸಿನಲ್ಲಿ ರೂಪಾಲಿ ಬೇಕೆಂದೇ ಜೋರಾಗಿ ಹೇಳಿದಳು, "ಗೌರವ್ವಗ ನಮ್ಮ ಸುದ್ದಿ ಹೇಳಿದವರು ಇಲ್ಲೇ ಅದಾರ!"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಪೂನಮ ಹೆಗಲು ಮುಟ್ಟಿಕೊಳ್ಳುತ್ತಾಳೇನೋ ಎಂದು ರೂಪಾಲಿ ವಾರೆಗಣ್ಣಿನಿಂದ ಕಾದಳು. ಪೂನಮ ಪಾಟಿಚೀಲ ಎತ್ತಿಕೊಂಡು ಹಿಂದಿನ ಬೆಂಚಿಗೆ ಹೋಗಿ ಕುಳಿತಳು. ಅವಳ ಕಣ್ಣುಗಳು ಕೆಂಪಾಗಿದ್ದವು. ಅವಳ ಮನೆಯಲ್ಲೂ ಮೊಬೈಲ್ ಇತ್ತಲ್ಲ.

"ಚುಗಲಿ ಪೂನಮ! ಚುಗಲಿ ಪೂನಮ!" ಎಂದು ಧೀರಜ ಬೆಂಚು ಬಡಿದ. ಉಳಿದ ಹುಡುಗರೂ ದನಿಗೂಡಿಸಿದರು. ಗುರುಜಿ ಬರುವವರೆಗೂ ಅದು ನಿಲ್ಲಲಿಲ್ಲ.

ಸಾಲೆ ಬಿಟ್ಟು ಮನೆಗೆ ಬಂದಾಗ ಪಡಸಾಲೆಯಲ್ಲಿ ಅವ್ವ ಅದೇ ಹಾಡನ್ನು ಹಚ್ಚಿಕೊಂಡು ಕೂತಿದ್ದಳು. ರೂಪಾಲಿ ಕಸಿದುಕೊಳ್ಳುವಷ್ಟರಲ್ಲಿ ಆಯಿ ಬಾಗಿಲಿಗೆ ಬಂದೇಬಿಟ್ಟಳು.

"ಅಯ್ಯ! ಇದು ನಮ್ಮ ಚಂದ್ರಾಬಾಯಿ ದನಿ ಅಲ್ಲೇನ?"

"ಯಾವ ಚಂದ್ರಾಬಾಯಿ?" ಎಂದಳು ರೂಪಾಲಿ.

"ಜತ್ತದಾಕಿ. ಅಮಾಸಿಗೊಮ್ಮೆ ಗುಡ್ಡಾಪುರದ ಗುಡಿಗಿ ಹೋಗ್ತೀನೆಲ್ಲ, ದಾಸೋಹದಾಗ ನಾವಿಬ್ರೂ ಕೂಡೇ ರೊಟ್ಟಿ ಬಡೀತೀವಿ. ಕೈ ರೊಟ್ಟಿ ಬಡೀತಿದ್ರ ಬಾಯಿ ಸುಮ್ನ ಇರತದೇನು? ಈ ಮಂಗಳವಾರ ಅಮಾಸಿ ಇತ್ತಲ್ಲ, ನನ್ನ ಹಲ್ಲಿನ ಕತಿ ಹೇಳ್ದೆ. ಎಲ್ಲಾರೂ ಬಿದ್ದ ಬಿದ್ದ ನಕ್ಕರು. 'ಸಂಗಕ್ಕಾ, ಈ ಕತಿ ನನಗ ಕೊಡ್ತೀರೇನ್ರಿ, ಹಾಡ ಕಟ್ಟತೀನಿ' ಅಂದ್ಲು."

"ನೀ ಏನಂದಿ?"

"ಒಯ್ಯವಾ ಅಂದೆ. ನನ್ನ ಹಲ್ಲು, ನನ್ನ ಕತಿ. ಯಾರನ್ನ ಕೇಳಬೇಕು?" ಆಯಿ ಮೊಬೈಲನ್ನು ಕಣ್ಣಿನ ಹತ್ತಿರ ಹಿಡಿದು ನಕ್ಕಳು. ಹೊಟ್ಟೆ ಕುಲುಕುವಂತೆ ನಕ್ಕಳು. "ಬೆಕ್ಕಿನ ಹಿಂದ ಓಡಿದ್ದು ಇನ್ನಾ ಜರಾ ಹಾಡಬೇಕಿತ್ತು ನೋಡು!"

ಮೊಬೈಲ್ ಇದ್ದವರನ್ನೆಲ್ಲ ರೂಪಾಲಿ ಲೆಕ್ಕ ಹಾಕಿದ್ದಳು. ರೊಟ್ಟಿ ಬಡಿಯುವವರನ್ನು ಬಿಟ್ಟಿದ್ದಳು. ನಿನ್ನೆಯೇ ಆಯಿಗೆ ತೋರಿಸಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು.

ಅವಳು ತನ್ನ ಕಮೆಂಟನ್ನು ಅಳಿಸಿದಳು. ಮೊಬೈಲಿನಿಂದ ಹೋಯಿತು. ಧೀರಜನ ಬಾಯಿಂದ ಹೋಗುತ್ತದೆಯೇ? ಹೊಸದಾಗಿ ಬರೆದಳು: "ಪೂನಮ ಹೇಳಿಲ್ಲ. ನಮ್ಮ ಆಯೀನೇ ಹೇಳ್ಯಾಳ. ತಪ್ಪು ನಂದು." ಬಹಳ ಹೊತ್ತು ಕಾದಳು. ಒಂದು ಲೈಕೂ ಬರಲಿಲ್ಲ. ಅಭಿಮಾನಿಗಳೆಲ್ಲ ಗೌರವ್ವನ ಹೊಸ ಸೀರೆಯ ಬಣ್ಣದ ಬಗ್ಗೆ ಜಗಳಾಡುತ್ತಿದ್ದರು.

ರೂಪಾಲಿ ಚಪ್ಪಲಿ ಮೆಟ್ಟಿಕೊಂಡು ಪೂನಮಳ ಮನೆಗೆ ನಡೆದಳು. ಪೂನಮ ಅಂಗಳದ ಕಲ್ಲಿನ ಮೇಲೆ ಸಾಲೆಯ ಅಂಗಿಯನ್ನು ಇಟ್ಟುಕೊಂಡು ಕಾಲರಿಗೆ ಬ್ರಷ್ ತಿಕ್ಕುತ್ತಿದ್ದಳು. ತಲೆ ಎತ್ತಲಿಲ್ಲ.

"ನಮ್ಮ ಆಯೀನೇ ಹೇಳ್ಯಾಳಂತ," ಎಂದಳು ರೂಪಾಲಿ. "ನಾ ಅಳಿಸೀನಿ. ಮತ್ತ ಬರದೀನಿ, ತಪ್ಪು ನಂದು ಅಂತ."

"ಓದೀನಿ."

ಪೂನಮ ಕಾಲರನ್ನು ತಿರುವಿ ಹಾಕಿ ಮತ್ತೆ ತಿಕ್ಕಿದಳು. "ಅಲ್ಲಿ ಯಾಕ ಬರದಿ? ನಾ ನಿನ್ನ ಬಾಜೂಕೇ ಕುಂದ್ರತಿದ್ನೆಲ್ಲ. ನನ್ನ ಒಂದ ಮಾತ ಕೇಳಬೇಕಿಲ್ಲ?"

ಹೆಸರೇ ಗೊತ್ತಿಲ್ಲದವರ ಮಾತನ್ನು ರೂಪಾಲಿ ಒಂದೂ ಬಿಡದೆ ಓದಿದ್ದಳು. ಹಾರ್ನು, ಬಳೆಯ ಸಪ್ಪಳ ಎಲ್ಲವನ್ನೂ ನಂಬಿದ್ದಳು. ಪಕ್ಕದಲ್ಲಿ ಕೂತವಳನ್ನು ಮಾತ್ರ ಕೇಳಿರಲಿಲ್ಲ.

ಅವಳು ಮೂಗು ಒರೆಸಿಕೊಂಡು ಪೂನಮಳ ಎದುರಿಗೆ ಕುಕ್ಕರುಗಾಲಿನಲ್ಲಿ ಕುಳಿತಳು.

"ಪೂನಮ, ಆಯಿ ಹಲ್ಲಿನ ಸುದ್ದಿ ನೀ ಯಾರಿಗರೆ ಹೇಳೀಯೇನ?"

ಬ್ರಷ್ ನಿಂತಿತು. ಪೂನಮ ಮೊದಲ ಸಲ ಅವಳ ಮುಖ ನೋಡಿದಳು.

"ಇಲ್ಲ."

"ಆತು," ಎಂದಳು ರೂಪಾಲಿ. ಬಕೆಟ್ಟಿನಲ್ಲಿ ನೆನೆಹಾಕಿದ್ದ ಸ್ಕರ್ಟನ್ನು ಹಿಂಡಿ ಕಲ್ಲಿನ ಇನ್ನೊಂದು ತುದಿಗೆ ಇಟ್ಟಳು. ಪೂನಮ ಸಾಬೂನನ್ನು ಅವಳ ಕಡೆಗೆ ಸರಿಸಿದಳು.