ಎಂಟುನೂರನೇ ರ‍್ಯಾಂಕಿನ ಬೆನ್ನು ಬಿದ್ದವರು

"ತಿರುಗಿ ನೋಡಬೇಡ... ಓಡು!"

ನವ್ಯಶ್ರೀ ಕೈಯಲ್ಲಿದ್ದ ಚಮಚ ಕೆಳಗೆ ಬಿತ್ತು. ಬೆಡೋಕ್ ಹಾಕರ್ ಸೆಂಟರಿನ ಊಟದ ಮೇಜುಗಳ ನಡುವೆ ಅವಳನ್ನು ಎಳೆದುಕೊಂಡೇ ಓಡಿದೆ. ಹಿಂದೆ ಇಬ್ಬರು. ಒಬ್ಬ ಗಂಡಸು, ಒಬ್ಬಳು ಹೆಂಗಸು. ಹೆಂಗಸಿನ ಹೆಗಲಲ್ಲಿ ಕರೀ ಬ್ಯಾಗು. ಬೆಳಗ್ಗೆ ಇದೇ ಜೋಡಿ ನಮ್ಮ ಬ್ಲಾಕಿನ ಕೆಳಗೆ, ವಾಯ್ಡ್ ಡೆಕ್ ಅನ್ನೋ ಖಾಲಿ ಜಾಗದಲ್ಲಿ ಸುಳಿದಾಡಿತ್ತು.

ಬ್ಯಾಗಲ್ಲಿ ಏನಿದೆ? ನನ್ನ ಲೈನಿನಲ್ಲಿ ಅದನ್ನು ತೆಗೆಯೋವರೆಗೂ ಕಾದವನು ಉಳಿಯೋದಿಲ್ಲ.

ನಾನು ಜಗದೀಶ. ಸಿಂಗಪುರದಲ್ಲಿ ಪ್ರೈವೇಟ್ ಡಿಟೆಕ್ಟಿವ್. ಕಂಡವರ ಗಂಡಂದಿರ ಹಿಂದೆ ಅಲೆಯೋದೇ ನನ್ನ ಹೊಟ್ಟೆಪಾಡು. ಈ ಸಲ ಕೆಲಸ ಕೊಟ್ಟವರು ಪುಷ್ಪಾವತಿ ಆಂಟಿ. ಉಡುಪಿಯಿಂದ ಟೆನಿಸ್ ಆಡೋಕೆ ಬಂದ ಈ ಹುಡುಗಿಯನ್ನು ಮನೆಯಲ್ಲಿ ಇಟ್ಟುಕೊಂಡಿದ್ದರು. ವರ್ಲ್ಡ್ ರ‍್ಯಾಂಕ್ ಎಂಟುನೂರರ ಆಸುಪಾಸು. ಕೋಚ್ ಇಲ್ಲ, ಫಿಸಿಯೋ ಇಲ್ಲ, ರಾಕೆಟ್ಟಿನ ತಂತಿ ಕೂಡ ಅವಳೇ ಕಟ್ಟಿಕೊಳ್ಳಬೇಕು. ಅಂಥವಳ ಮೇಲೂ ಬೆಟ್ ಕಟ್ಟೋ ಜನ ಇದಾರೆ ಸ್ವಾಮಿ! ಹೋದ ವಾರ ಅವಳು ಸೋತಾಗ ಯಾರೋ ಮೆಸೇಜ್ ಹಾಕಿದ್ದ. ನಿನ್ನ ಮಂಡಿ ಮುರೀತೀನಿ ಅಂತ.

"ಮಂಡಿಗೆ ಏನಾದ್ರೂ ಆದ್ರೆ ಅವಳ ಆಟ ಮುಗೀತು ಜಗದೀಶ," ಅಂದಿದ್ದರು ಆಂಟಿ.

"ಮಿಸ್ ನವ್ಯಶ್ರೀ! ಸ್ಟಾಪ್!" ಹಿಂದಿನಿಂದ ಹೆಂಗಸಿನ ಕೂಗು.

ಹೆಸರೂ ಗೊತ್ತು... ಎದೆ ಧಸಕ್ ಅಂತು.

ಎಸ್ಕಲೇಟರಲ್ಲಿ ಎರಡೆರಡು ಮೆಟ್ಟಿಲು ಹಾರಿದೆವು. ಬಾಗಿಲು ಮುಚ್ಚೋ ಹೊತ್ತಿಗೆ ಎಂಆರ್‌ಟಿ ರೈಲಿನ ಒಳಗೆ. ನನಗೆ ಏದುಸಿರು. ಅವಳಿಗೆ ಏನೂ ಇಲ್ಲ.

"ಅಂಕಲ್, ಸಂಜೆ ನಂಗೆ ಮ್ಯಾಚ್ ಇದೆ."

"ಮಂಡಿ ಇದ್ರೆ ಮ್ಯಾಚು."

ರೈಲು ಬದಲಾಯಿಸಿ ಬಿಶಾನ್‌ನಲ್ಲಿ ಇಳಿದು ಪಾರ್ಕಿಗೆ ನುಗ್ಗಿದೆವು. ಒಂದು ಮರ ನೋಡಿ ಅದರ ಹಿಂದೆ ನಿಂತೆವು. ತಿರುಗಿದರೆ... ಅದೇ ಜೋಡಿ! ಪಕ್ಕದ ಬೋಗಿ ಹತ್ತಿ ಹಿಂದೆಯೇ ಬಂದಿರಬೇಕು.

ಹೆಂಗಸು ಬ್ಯಾಗಿಗೆ ಕೈ ಹಾಕಿದಳು. ನಾನು ಹಾರಿ ಮಣಿಕಟ್ಟು ಹಿಡಿದೆ.

"ಕೈ ಹೊರಗೆ ತೆಗಿ. ನಿಧಾನಕ್ಕೆ."

ತೆಗೆದಳು. ಸೀಲ್ ಮಾಡಿದ ಪ್ಲಾಸ್ಟಿಕ್ ಕಪ್ಪು. ಜೊತೆಗೆ ಐಡಿ ಕಾರ್ಡು.

"ಡೋಪ್ ಟೆಸ್ಟ್ ಲಾ," ಅಂದಳು ಸಿಂಗಪುರದ ಧಾಟಿಯಲ್ಲಿ. "ಯೂರಿನ್ ಬೇಕು."

ಇಷ್ಟು ವರ್ಷದ ಅನುಭವ ಇಟ್ಟುಕೊಂಡು ನಾನು ಹುಡುಗಿಯನ್ನು ಕಾಪಾಡಿದ್ದು ಮೂತ್ರ ಕೇಳೋಕೆ ಬಂದವರಿಂದ.

"ಟೆಸ್ಟ್ ತಪ್ಪಿಸಿ ಓಡಿದ್ರೆ ವರ್ಷಗಟ್ಟಲೆ ಬ್ಯಾನ್, ಗೊತ್ತಾ?" ಅಂದ ಗಂಡಸು.

ಮಂಡಿ ಉಳಿಸೋಕೆ ಹೋಗಿ ಅವಳ ಆಟವನ್ನು ನಾನೇ ಮುಗಿಸಿದೆನಾ? ನವ್ಯಶ್ರೀ ಫೋನು ಕಿತ್ತುಕೊಂಡು ಆ ಬೆದರಿಕೆ ಮೆಸೇಜ್ ತೋರಿಸಿದೆ. ಕೈ ಮುಗಿದೆ.

"ಓಡಿಸಿದ್ದು ನಾನು. ಬೇಕಾದ್ರೆ ನನ್ನನ್ನೇ ಬ್ಯಾನ್ ಮಾಡಿ."

ಹೆಂಗಸು ಓದಿದಳು. ಮತ್ತೆ ಓದಿದಳು.

"ನಾವು ಯಾರು ಅಂತ ಹೇಳೋ ಮುಂಚೆ ಓಡಿದ್ರಿ. ಅದು ಬಿಡಿ. ಈಗ ಹೇಳಿದ್ದೀನಿ. ಈಗ ಓಡಿದ್ರೆ ಬ್ಯಾನ್."

ಆಗ ನವ್ಯಶ್ರೀಗೆ ನಗು ಶುರುವಾಯಿತು. ಹುಲ್ಲಿನ ಮೇಲೆ ಕೂತು, ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಅಂಕಲ್, ನನ್ನ ಮೇಲೆ ಡೌಟ್ ಪಟ್ಟಿದಾರೆ! ಏಳು ವರ್ಷದಿಂದ ಆಡ್ತಿದ್ದೀನಿ, ಒಬ್ರೂ ಕ್ಯಾರೇ ಅಂದಿರಲಿಲ್ಲ."

ಆ ಕ್ಷಣವೇ ಊರಿಗೆ ಫೋನು. "ಅಮ್ಮಾ, ನಂಗೆ ಡೋಪ್ ಟೆಸ್ಟ್ ಬಂದಿದೆ... ಹೌದಮ್ಮ, ದೊಡ್ಡ ಪ್ಲೇಯರ್ಸ್‌ಗೆ ಮಾಡ್ತಾರಲ್ಲ, ಅದೇ. ಚಿಕ್ಕಮ್ಮನಿಗೂ ಹೇಳು."

ಓಡಿ ಓಡಿ ಮೈಯ ನೀರೆಲ್ಲ ಬೆವರಾಗಿತ್ತು. ಬಾಟಲಿ ಮೇಲೆ ಬಾಟಲಿ ಕುಡಿಸಿದೆ. ಅವಳು ಟಾಯ್ಲೆಟ್ಟಿಗೆ ಹೋದಾಗಲೆಲ್ಲ ಆ ಹೆಂಗಸೂ ಹಿಂದೆಯೇ. ಕೊನೆಗೂ ಕಪ್ಪು ತುಂಬಿತು.

ಸಂಜೆ ಕೋರ್ಟಿಗೆ ಇಳಿದವಳ ನಡಿಗೆಯೇ ಬೇರೆ. ಎದುರಿಗೆ ಟಾಪ್ ಸೀಡ್. ಇವಳು ಹೊಡೆದ ಹೊಡೆತಕ್ಕೆ ಆಕೆ ಕಕ್ಕಾಬಿಕ್ಕಿ. ಎರಡೇ ಸೆಟ್ಟು... ಕೆಲಸ ಮುಗೀತು! ನನ್ನ ಕಣ್ಣಲ್ಲಿ ನೀರು ಬಂತು, ಸುಳ್ಳು ಯಾಕೆ ಹೇಳಲಿ.

ಸೋತವಳು ರಾಕೆಟ್ ಎಸೆದು ಅಂಪೈರ್ ಹತ್ತಿರ ಹೋಗಿ ಕೂಗಾಡಿದಳು.

"ಏನಂತೆ ಜಗದೀಶ?" ಕೇಳಿದರು ಪುಷ್ಪಾವತಿ ಆಂಟಿ.

"ನಮ್ಮ ಹುಡುಗಿ ಏನೋ ತಗೊಂಡು ಬಂದಿದಾಳಂತೆ."

"ಅಯ್ಯೋ... ಹೌದಾ?"

"ಇಲ್ಲ ಆಂಟಿ. ಕೊಟ್ಟು ಬಂದಿದಾಳೆ."